ಯೋಗಾನಂದನ ಎರಡು ಜಾತಕ

ಶುಕ್ರವಾರ ಬೆಳಗ್ಗೆ ಯೋಗಾನಂದ ಕಂಪ್ಯೂಟರ್ ಒರೆಸುತ್ತಿದ್ದ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೀಬೋರ್ಡಿನ ಸಂದುಗಳಲ್ಲಿ ಸಿಕ್ಕಿಕೊಂಡಿದ್ದ ಚುರುಮುರಿಯ ಚೂರುಗಳನ್ನು ಕೆದಕಿ ತೆಗೆದ. ಒದ್ದೆ ಬಟ್ಟೆ ಹಿಂಡಿ ಪರದೆ ಒರೆಸಿದ. ಸಿಪಿಯು ಡಬ್ಬಿಯ ಹಣೆಗೆ ಅರಿಶಿನ ಕುಂಕುಮ ಇಟ್ಟು, ಮೌಸಿನ ಬೆನ್ನಿಗೂ ಒಂದು ಬೊಟ್ಟು ಇಟ್ಟ. ಪ್ರಿಂಟರಿಗೆ ಒಂದು ಎಸಳು ಸೇವಂತಿಗೆ ಮುಡಿಸಿ, ಊದುಕಡ್ಡಿ ಸುತ್ತಿಸಿ, ಕಣ್ಣು ಮುಚ್ಚಿ ಕೈಮುಗಿದ.

ಹೊರಗೆ ಇಷ್ಟು ಚೊಕ್ಕಟವಾದ ಮೇಲೆ ಒಳಗೆ ಮಾತ್ರ ಕಸ ಯಾಕೆ ಅನ್ನಿಸಿತು. ಕಂಪ್ಯೂಟರ್ ಆನ್ ಮಾಡಿದರೆ ಪರದೆಯ ತುಂಬ ಪುಟ್ಟ ಪುಟ್ಟ ಚಿತ್ರಗಳು, ಮದುವೆ ಛತ್ರದ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಹಾಗೆ ಒಂದರ ಮೇಲೊಂದು ಬಿದ್ದಿದ್ದವು. ಬೇಡದ್ದನ್ನೆಲ್ಲ ಹಿಡಿದು ಕಸದ ಬುಟ್ಟಿಯ ಚಿತ್ರಕ್ಕೆ ಎಳೆದು ಹಾಕಿದ. ಆ ಭರದಲ್ಲಿ ಜಾತಕದ ಪ್ರೋಗ್ರಾಮಿನ ಚಿತ್ರವನ್ನೂ ಎಳೆದು ಹಾಕಿದ. ಅದು ಹೋದರೇನು? ಕೆಳಗೆ ಮೂಲೆಯ ಸ್ಟಾರ್ಟ್ ಬಟನ್ ಒತ್ತಿದರೆ ಬರುವ ಪಟ್ಟಿಯಲ್ಲೂ ಅದೇ ಪ್ರೋಗ್ರಾಂ ಇದೆಯಲ್ಲ. ಒಂದೇ ಸಾಮಾನು ಎರಡು ಕಡೆ ಯಾಕೆ ಎಂದುಕೊಂಡು ಕುರ್ಚಿಗೆ ಒರಗಿದ. ಪರದೆ ಗುಡಿಸಿದ ಅಂಗಳದಂತೆ ಹೊಳೆಯುತ್ತಿತ್ತು. ಅವನ ಅಂದಿನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಯೋಗಾನಂದನ ಅಂಗಡಿ ಯಲಹಂಕ ಹಳೇ ಪೇಟೆಯಲ್ಲಿ, ಸಂತೆ ಸರ್ಕಲ್ಲಿಗೆ ಹತ್ತಿರ. ಮುಂದೆ ಅಂಗಡಿ, ಹಿಂದೆ ಮನೆ. ಬೋರ್ಡಿನಲ್ಲಿ ‘ಕಂಪ್ಯೂಟರ್ ಜಾತಕ, ಝೆರಾಕ್ಸ್, ಲ್ಯಾಮಿನೇಷನ್’ ಎಂದೂ, ಅದರ ಕೆಳಗೆ ಕೆಂಪು ಅಕ್ಷರದಲ್ಲಿ ‘ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ’ ಎಂದೂ ಬರೆಸಿದ್ದ. ಗಂಡು ಹೆಣ್ಣು ಹುಟ್ಟಿದ ದಿನ, ಗಂಟೆ ಹಾಕಿ ಒತ್ತಿದರೆ ಮೂವತ್ತಾರಕ್ಕೆ ಇಷ್ಟು ಗುಣ ಕೂಡುತ್ತದೆ ಎಂದು ಪ್ರೋಗ್ರಾಂ ಹೇಳುತ್ತಿತ್ತು. ಹದಿನೆಂಟು ದಾಟಿದರೆ ಮದುವೆ, ದಾಟದಿದ್ದರೆ ಕಾಫಿ ಕುಡಿದು ನಮಸ್ಕಾರ. ಹೀಗೆ ಊರಿನವರ ಮದುವೆಗಳನ್ನೆಲ್ಲ ಕೂಡಿಸುತ್ತ ಕೂತ ಯೋಗಾನಂದನಿಗೆ ಮೂವತ್ತನಾಲ್ಕಾದರೂ ಮದುವೆಯಾಗಿರಲಿಲ್ಲ. ಅಡುಗೆ ಭಟ್ಟ ಎಲ್ಲರಿಗೂ ಬಡಿಸಿ ಕೊನೆಗೆ ಖಾಲಿ ಹಂಡೆ ನೋಡುವ ಹಾಗಾಗಿತ್ತು ಅವನ ಕತೆ.

ಈಗ ಬಾಗಲೂರಿನ ಹರ್ಷಿತಾಳ ಸಂಬಂಧ ಬಂದಿತ್ತು. ಹುಡುಗಿ ಜಕ್ಕೂರಿನ ಒಂದು ಅಪಾರ್ಟ್‌ಮೆಂಟಿನ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಫೋಟೋದಲ್ಲಿ ನಗುವುದೋ ಬೇಡವೋ ಎಂದು ಯೋಚಿಸುತ್ತಿರುವವಳಂತೆ ಕಾಣುತ್ತಿದ್ದಳು. ಆ ಅರ್ಧ ನಗುವನ್ನು ಪೂರ್ತಿ ಮಾಡಿಸುವ ಕೆಲಸ ತನ್ನದು ಎಂದು ಯೋಗಾನಂದ ತೀರ್ಮಾನಿಸಿಬಿಟ್ಟಿದ್ದ. ಜಾತಕ ಹಾಕಿದರೆ ಇಪ್ಪತ್ತೇಳು ಗುಣ! ಪ್ರಿಂಟ್ ತೆಗೆದು, ಲ್ಯಾಮಿನೇಷನ್ ಮಾಡಿ, ಬಾಗಲೂರಿಗೆ ಕಳಿಸಿದ್ದ. ಹುಡುಗಿಯ ಸೋದರಮಾವ ಮುನಿರಾಮಯ್ಯ ಆ ಸಂಜೆ ಬಂದು ಮಾತು ಮುಗಿಸುವುದೆಂದು ಆಗಿತ್ತು.

ಆದರೆ ಮುನಿರಾಮಯ್ಯ ಬೆಳಗ್ಗೆಯೇ ಬಂದ. ಹಿಂದೆ ಹರ್ಷಿತಾ.

"ಸಂಜೆ ಅಂದಿದ್ವಿ, ಬಸ್ಸು ಈಗ್ಲೇ ಸಿಕ್ತು, ಅತ್ಬುಟ್ವಿ," ಎಂದು ಸ್ಟೂಲಿನ ಮೇಲೆ ಕೂತ. "ನೋಡಪ್ಪಾ, ನೀನು ಪ್ಲಾಸ್ಟಿಕ್ ಆಕಿ ಕಳ್ಸಿದ್ದ ಕಾಗ್ದ ನೋಡ್ದೆ. ಚೆಂದಾಗೈತೆ. ಆದ್ರೆ ನಾನು ಕಾಗ್ದ ನಂಬೋನಲ್ಲ. ನನ್ ಕಣ್ಮುಂದೆ ಇನ್ನೊಂದ್ಕಿತ ತೆಗಿ."

"ಒಂದ್ಸಲ ಯಾಕೆ ಮಾವ, ನೂರು ಸಲ ತೆಗೀತೀನಿ," ಎಂದ ಯೋಗಾನಂದ. ಆಗಲೇ ಮಾವ ಎಂದುಬಿಟ್ಟಿದ್ದ.

ಸ್ಟಾರ್ಟ್ ಬಟನ್ ಒತ್ತಿ, ಪಟ್ಟಿಯಿಂದ ಜಾತಕ ತೆಗೆದ. ಇಬ್ಬರ ದಿನ, ಗಂಟೆ ಹೊಡೆದ. ಸಂಗೀತಗಾರ ತಂಬೂರಿ ಮೀಟುವ ಠೀವಿಯಲ್ಲಿ ಕೊನೆಯ ಗುಂಡಿ ಒತ್ತಿದ.

ಪರದೆಯ ಮೇಲೆ ಒಂಬತ್ತು ಎಂದು ಬಂತು.

ಅಂಗಡಿಯ ಮೆಟ್ಟಿಲ ಮೇಲೆ ಹೂವು ಕಟ್ಟಿ ಮಾರುವ ವರಲಕ್ಷ್ಮಮ್ಮ ಕತ್ತು ಚಾಚಿದಳು. ಅವಳ ಕೈ ಹೂವಿನ ಬುಟ್ಟಿಯಲ್ಲಿದ್ದರೂ ಕಿವಿ ಮಾತ್ರ ಸದಾ ಅಂಗಡಿಯೊಳಗೇ ಇರುತ್ತಿತ್ತು. "ಒಂಬತ್ತಾ? ಅಯ್ಯೋ ದೇವ್ರೇ! ನಮ್ ಯೋಗಣ್ಣಂಗೆ ಒಂಬತ್ತು ಬಂತಂತೆ ಕಣ್ರೇ!" ಎಂದು ರಸ್ತೆಗೆಲ್ಲ ಕೇಳುವಂತೆ ಹೇಳಿದಳು.

"ಇಲ್ಲ ಇಲ್ಲ, ಬೆರಳು ತಪ್ಪಿರ್ಬೇಕು," ಎಂದು ಯೋಗಾನಂದ ಮತ್ತೆ ಹೊಡೆದ. ಒಂಬತ್ತು. ಕಂಪ್ಯೂಟರ್ ಆರಿಸಿ ಹೊತ್ತಿಸಿದ. ಒಂಬತ್ತು. ಸಿಪಿಯುವಿನ ಕುಂಕುಮ ಒಳಗೆ ಹೋಗಿದೆಯೇನೋ ಎಂದು ಊದಿದ. ಒಂಬತ್ತು.

"ಇದೇನಪ್ಪ, ಕಾಗ್ದದಾಗೆ ಇಪ್ಪತ್ತೇಳು, ಪೆಟ್ಗೇಲಿ ಒಂಬತ್ತು?" ಮುನಿರಾಮಯ್ಯ ಮೀಸೆ ಸವರಿದ. "ಉಡುಗಿ ಕೊಡೋ ಮನೇಗೆ ಸುಳ್ ಕಾಗ್ದ ಕಳ್ಸಿದ್ಯಾ?"

"ದೇವ್ರಾಣೆ ಇಲ್ಲ! ಅದೂ ಇದೇ ಕಂಪ್ಯೂಟರ್ರು, ಇದೇ ಪ್ರೋಗ್ರಾಮು!"

ಒಳಗಿನಿಂದ ಯೋಗಾನಂದನ ತಾಯಿ ಮುನಿಕೆಂಪಮ್ಮ ಸೌಟು ಹಿಡಿದೇ ಬಂದಳು. ವಿಷಯ ಕೇಳಿ, "ಅದುಕ್ಕೆ ದೃಷ್ಟಿ ಆಗೈತೆ. ಮೆಣಸಿನಕಾಯಿ ತರ್ಲಾ?" ಎಂದಳು.

"ಅಮ್ಮಾ, ನೀನು ಸುಮ್ನಿರು," ಎಂದು ಯೋಗಾನಂದ ಪಕ್ಕದಂಗಡಿಯ ಶಿವರಾಮನನ್ನು ಕೂಗಿದ.

ಶಿವರಾಮ್ ಮೊಬೈಲು, ಕಂಪ್ಯೂಟರು ರಿಪೇರಿ ಮಾಡುವವನು. ತೆಳ್ಳಗೆ ಬೆಳ್ಳಗಿದ್ದ, ಕಿವಿಗೆ ಒಂದು ಸಣ್ಣ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದ. ಬಂದವನೇ, "ಏನ್ ಗುರು, ಬೆಳಗ್ಗೆ ಏನ್ ಮಾಡ್ದೆ ಇದಕ್ಕೆ?" ಎಂದ.

"ಏನೂ ಮಾಡಿಲ್ಲ ಮಗಾ. ಪೂಜೆ ಮಾಡ್ದೆ, ಕಸ ಹೊಡ್ದೆ."

"ಎಲ್ಲಿಂದ ಓಪನ್ ಮಾಡ್ತಿದ್ದೆ ದಿನಾ?"

"ಪರದೆ ಮೇಲಿದ್ದ ಚಿತ್ರದಿಂದ. ಈಗ ಪಟ್ಟಿಯಿಂದ ತೆಗ್ದೆ. ಎಲ್ಲಿಂದ ತೆಗೆದ್ರೇನು, ಪ್ರೋಗ್ರಾಂ ಒಂದೇ ಅಲ್ವಾ?"

ಶಿವರಾಮ್ ಕಸದ ಬುಟ್ಟಿ ತೆರೆದು ಹಳೆಯ ಚಿತ್ರವನ್ನು ಪರದೆಗೆ ವಾಪಸ್ ತಂದ. ಅದರ ಮೇಲೆ ಒತ್ತಿ ಪ್ರೋಗ್ರಾಂ ತೆಗೆದು, ಅದೇ ದಿನ, ಅದೇ ಗಂಟೆ ಹಾಕಿದ. ಇಪ್ಪತ್ತೇಳು! ಪಟ್ಟಿಯಿಂದ ತೆಗೆದ. ಒಂಬತ್ತು. ಮತ್ತೆ ಪರದೆಯಿಂದ. ಇಪ್ಪತ್ತೇಳು.

"ಎಲಾ ಇವನ!" ಎಂದ ಮುನಿರಾಮಯ್ಯ. "ಮುಂದಿನ ಬಾಗ್ಲಾಗೆ ಕರುದ್ರೆ ಒಂದ್ ಮಾತು, ಇತ್ಲ ಬಾಗ್ಲಾಗೆ ಕರುದ್ರೆ ಇನ್ನೊಂದ್ ಮಾತು. ನಮ್ ಪಂಚಾಯ್ತಿ ಮೆಂಬರ್ ಇದ್ದಂಗೈತಲ್ಲ!"

ಅಷ್ಟರಲ್ಲಿ ಕರೆಂಟು ಹೋಯಿತು. ಯುಪಿಎಸ್ ಹಸಿದ ಮರಿಯಂತೆ ಕುಂಯ್ ಕುಂಯ್ ಎಂದು ಕೂಗಿ ನಿಂತಿತು.

ಕರೆಂಟು ಬರುವವರೆಗೆ ಸುದ್ದಿ ಸುಮ್ಮನಿರಲಿಲ್ಲ. ವರಲಕ್ಷ್ಮಮ್ಮ ಹೂವು ಕೊಳ್ಳಲು ಬಂದವರಿಗೆಲ್ಲ ಒಂದು ಮೊಳದ ಜತೆ ಸುದ್ದಿಯನ್ನೂ ಅಳೆದು ಕೊಟ್ಟಳು. ಯೋಗಾನಂದನ ಪ್ರೋಗ್ರಾಂ ಎರಡು ನಾಲಿಗೆಯದ್ದಂತೆ. ಒಂದು ಕಡೆಯಿಂದ ತೆಗೆದರೆ ಕೂಡಿಸುತ್ತದಂತೆ, ಇನ್ನೊಂದು ಕಡೆಯಿಂದ ತೆಗೆದರೆ ಬಿಡಿಸುತ್ತದಂತೆ. ಕರೆಂಟು ಬಂದಾಗ ಅಂಗಡಿಯ ಮುಂದೆ ಪಡಿತರದಂಗಡಿಯ ಹಾಗೆ ಕ್ಯೂ ನಿಂತಿತ್ತು. ಎಲ್ಲರೂ ಯೋಗಾನಂದನ ಕೈಯಲ್ಲೇ ಜಾತಕ ಕೂಡಿಸಿಕೊಂಡವರು.

ಮೊದಲು ವರಲಕ್ಷ್ಮಮ್ಮನೇ ನುಗ್ಗಿದಳು. "ನನ್ ಮಗಳು ಅಳಿಯಂದು ನೋಡು. ಅವತ್ತು ಇಪ್ಪತ್ತೊಂಬತ್ತು ಅಂದಿದ್ದೆ."

ಪಟ್ಟಿಯಿಂದ ತೆಗೆದರೆ ಹನ್ನೆರಡು ಬಂತು. ಅವಳು ಅಳುತ್ತಾಳೇನೋ ಎಂದು ಯೋಗಾನಂದ ಹೆದರಿದ. ಅವಳ ಮುಖ ಅರಳಿತು.

"ನಾನ್ ಹೇಳಿಲ್ವಾ! ನಾನ್ ಹೇಳಿಲ್ವಾ ಆ ಅಳಿಯ ಸರಿ ಇಲ್ಲ ಅಂತ! ಒಂದ್ ಪ್ರಿಂಟ್ ಕೊಡು. ಹಬ್ಬಕ್ ಬರ್ಲಿ, ಎಲೆ ಮುಂದೆ ಇಡ್ತೀನಿ."

ಹಿಂದಿದ್ದ ನಾರಾಯಣಮ್ಮ ಎಂಬ ಮುದುಕಿ, "ನಂಗೆ ನಮ್ ಸೊಸೇದು ಕಮ್ಮಿ ಬರೋ ಕಡೆಯಿಂದ ತೆಗಿಯಪ್ಪ," ಎಂದು ಮೊದಲೇ ಹೇಳಿದಳು. ಒಬ್ಬ ಗಂಡ ಕಿವಿಯ ಹತ್ತಿರ ಬಂದು, "ಬ್ರದರ್, ಜಾಸ್ತಿ ಬರೋ ಕಡೆಯಿಂದ ಒಂದು ದೊಡ್ಡ ಅಕ್ಷರದಲ್ಲಿ ಕೊಡಿ, ಅಡುಗೆಮನೇಲಿ ಅಂಟಿಸ್ಬೇಕು," ಎಂದು ಪಿಸುಗುಟ್ಟಿದ. ಆದರೆ ಅವನದು ಎರಡು ಕಡೆಯಿಂದಲೂ ಒಂದೇ ಅಂಕ ಬಂತು. ಬಹಳ ಜನರದು ಹಾಗೆಯೇ ಬಂತು. ಕೆಲವರದು ಮಾತ್ರ ಅಲ್ಲಾಡಿತು. ಯಾರದು ಅಲ್ಲಾಡುತ್ತದೆ, ಯಾರದು ಇಲ್ಲ ಎಂಬುದೇ ಒಂದು ಆಟವಾಯಿತು. ಮುನಿಕೆಂಪಮ್ಮ ಬಂದವರಿಗೆಲ್ಲ ನೀರು ಕೊಟ್ಟು ಕೊಟ್ಟು ಸಾಕಾಗಿ, ಕೊನೆಗೆ ಬಿಂದಿಗೆಯನ್ನೇ ಮೆಟ್ಟಿಲ ಮೇಲಿಟ್ಟು ಒಳಗೆ ಹೋದಳು.

ಹರ್ಷಿತಾ ಮೂಲೆಯ ಬೆಂಚಿನಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಅವಳ ಅರ್ಧ ನಗು ಈಗ ಮುಕ್ಕಾಲಾಗಿತ್ತು. ಅದು ತನ್ನ ಕಡೆ ನೋಡಿ ಬಂದದ್ದೇ ಎಂದು ಯೋಗಾನಂದನಿಗೆ ಧೈರ್ಯ ಬಂತು.

ಮಧ್ಯಾಹ್ನದ ಹೊತ್ತಿಗೆ ಮುನಿರಾಮಯ್ಯನ ತಾಳ್ಮೆ ಮುಗಿಯಿತು. ಎದ್ದು ನಿಂತು ಗುಂಪನ್ನು ಗದರಿಸಿ ಸುಮ್ಮನಾಗಿಸಿದ. "ನೋಡು ಯೋಗಾನಂದ. ನಾನು ಎರಡಂಕಿ ಇಟ್ಕಂಡು ಊರಿಗ್ ಓಗಲ್ಲ. ಒಂದೇ ಮಾತು ಏಳ್ಬುಡು. ಯಾವುದು ದಿಟ?"

ಯೋಗಾನಂದ ಎದೆ ಉಬ್ಬಿಸಿದ. ಇಷ್ಟು ವರ್ಷ ಇಷ್ಟು ಮದುವೆ ಮಾಡಿಸಿದ ಚಿತ್ರ ಸುಳ್ಳಾಗುವುದುಂಟೇ? ಕುಂಕುಮ ಹಚ್ಚಿದ ಸಿಪಿಯು ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದ: "ಪರದೆ ಮೇಲಿನ ಚಿತ್ರದಿಂದ ಬರೋದೇ ಸತ್ಯ. ಪಟ್ಟೀದು ಕೆಟ್ಟೋಗಿದೆ. ಬೇಕಾದ್ರೆ ಶಿವರಾಮ್ ಪರೀಕ್ಷೆ ಮಾಡ್ಲಿ. ಅವನು ಯಾವುದು ಸರಿ ಅಂತಾನೋ ಅದಕ್ಕೆ ನಾನು ಬದ್ಧ. ಇಷ್ಟು ಜನ ಸಾಕ್ಷಿ!"

"ಬ್ಯಾಡ ಗುರು, ಮೊದ್ಲು ನೋಡ್ತೀನಿ, ಆಮೇಲೆ ಬದ್ಧ ಆಗು," ಎಂದ ಶಿವರಾಮ್.

"ಏಯ್, ನೋಡೋ. ನಂಗೆ ಧೈರ್ಯ ಇದೆ."

ಶಿವರಾಮ್ ಕೂತ. ಬಹಳ ಹೊತ್ತು ಏನೇನೋ ತೆರೆದು ಮುಚ್ಚಿದ. ಏನೂ ಸಿಗಲಿಲ್ಲ. ಎರಡೂ ಒಂದೇ ಪ್ರೋಗ್ರಾಂ, ಒಂದೇ ಗಾತ್ರ, ಒಂದೇ ತಾರೀಖು. ಒಂದು ಇನ್ನೊಂದರ ನಕಲು, ಅಷ್ಟೆ. ಅವನು ಕಿವಿಯ ಸ್ಕ್ರೂಡ್ರೈವರ್ ತೆಗೆದು ತಲೆ ಕೆರೆದುಕೊಂಡ.

"ಈ ಎರಡು ಕಾಗದದ ತಲೆ ಮೇಲೆ ಸಣ್ಣ ಅಕ್ಷರದಲ್ಲಿ ಏನೋ ಇದೆ," ಎಂದು ಮೂಲೆಯಿಂದ ಹರ್ಷಿತಾಳ ಧ್ವನಿ ಬಂತು. ಅವಳ ಕೈಯಲ್ಲಿ ವರಲಕ್ಷ್ಮಮ್ಮನ ಮಗಳದೆಂದು ಅಂದೇ ಎರಡು ಕಡೆಯಿಂದ ತೆಗೆದಿದ್ದ, ಇನ್ನೂ ಮೊಹರು ಬೀಳದ ಎರಡು ಪ್ರಿಂಟುಗಳಿದ್ದವು. "ಹೆಸ್ರು, ದಿನ, ಗಂಟೆ ಎಲ್ಲ ಒಂದೇ. ಅಕ್ಷಾಂಶ ಅನ್ನೋದು ಮಾತ್ರ ಒಂದ್ರಲ್ಲಿ ಹದಿಮೂರು, ಒಂದ್ರಲ್ಲಿ ಐವತ್ತೊಂದು."

ಆ ಅಂಕಿಗಳನ್ನು ಇಷ್ಟು ವರ್ಷ ಯಾರೂ ಓದಿರಲಿಲ್ಲ. ಅಂಗಡಿಯ ಮೊಹರನ್ನು ಯೋಗಾನಂದ ಸರಿಯಾಗಿ ಅದರ ಮೇಲೆಯೇ ಒತ್ತುತ್ತಿದ್ದ.

ಶಿವರಾಮ್ ಕಾಗದ ಇಸಿದುಕೊಂಡು ನೋಡಿದ. ಆಮೇಲೆ ಹರ್ಷಿತಾಳ ಮುಖ ನೋಡಿದ. ಆಮೇಲೆ ಮತ್ತೆ ಕಾಗದ ನೋಡಬೇಕೆಂಬುದು ನೆನಪಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಸಿಕ್ತು!" ಎಂದ. "ಹದಿಮೂರು ನಮ್ಮೂರಿಂದು. ಈ ಪ್ರೋಗ್ರಾಂ ಎದ್ದ ತಕ್ಷಣ ತಾನು ಯಾವ ಊರಲ್ಲಿದೀನಿ ಅಂತ ಅಕ್ಕಪಕ್ಕ ಹುಡುಕುತ್ತೆ. ನಾವು ನಮ್ಮನೇಲಿ ಮಲಗಿದ್ರೆ ಎದ್ದು ಕೈ ಚಾಚಿದ್ರೆ ಚೊಂಬು ಸಿಗುತ್ತಲ್ಲ, ಹಂಗೆ. ಪಟ್ಟಿಯಿಂದ ಎಬ್ಬಿಸಿದ್ರೆ ಇದು ತನ್ನ ಸ್ವಂತ ಮನೇಲಿ ಏಳುತ್ತೆ. ಪಕ್ಕದಲ್ಲೇ ಊರು ಬರೆದಿರೋ ಒಂದು ಸಣ್ಣ ಫೈಲ್ ಇದೆ, ಅದನ್ನ ಓದ್ಕೊಳ್ಳುತ್ತೆ."

"ಪರದೆ ಮ್ಯಾಲಿಂದ ಎಬ್ಬುಸುದ್ರೆ?" ಎಂದ ಮುನಿರಾಮಯ್ಯ.

"ಅಲ್ಲಿ ಪ್ರೋಗ್ರಾಂ ಒಂದನ್ನೇ ಕಾಪಿ ಮಾಡಿ ಇಟ್ಟಿದಾನೆ, ಊರಿನ ಫೈಲ್ ಇಟ್ಟಿಲ್ಲ. ನೆಂಟರ ಮನೇಲಿ ಎದ್ದಂಗೆ. ಕೈ ಚಾಚಿದ್ರೆ ಬರೀ ಗೋಡೆ. ಆಗ ಏನ್ಮಾಡುತ್ತೆ? ಇದನ್ನ ಬರೆದೋನು ಯಾವ ಊರು ಅಂತ ಹೇಳಿ ಕಳ್ಸಿದ್ನೋ ಆ ಊರೇ ಅನ್ಕೊಳ್ಳುತ್ತೆ."

"ಯಾವೂರು ಅದು?"

ಶಿವರಾಮ್ ಗೆಳೆಯನ ಕಡೆ ನೋಡದೆ ಹೇಳಿದ. "ಲಂಡನ್."

ಯಲಹಂಕ ಹಳೇ ಪೇಟೆಯ ಗಂಡು ಹೆಣ್ಣುಗಳೆಲ್ಲ ಇಷ್ಟು ವರ್ಷ ಲಂಡನ್ನಿನಲ್ಲಿ ಹುಟ್ಟಿ ಮದುವೆಯಾಗಿದ್ದರು.

"ಯಾರೋ ಅಂದಿದ್ದು ಲಂಡನ್ನು ಅಂತ?" ಮುನಿಕೆಂಪಮ್ಮ ಒಳಗಿನಿಂದ ಓಡಿ ಬಂದಳು. "ಇವನ್ನ ಎತ್ತಿದ್ದು ಇಲ್ಲೇ, ಸರ್ಕಾರಿ ಆಸ್ಪತ್ರೇಲಿ! ಅವಾಗ ನಾನು ಇಲ್ಲೇ ಪಕ್ಕದ ಎಬ್ಬಾಳನೂ ನೋಡಿರ್ಲಿಲ್ಲ!"

"ಅದಕ್ಕೇ ಆಂಟಿ, ಲಂಡನ್ನಿಗೂ ನಮಗೂ ಐದೂವರೆ ಗಂಟೆ ವ್ಯತ್ಯಾಸ. ಅಷ್ಟರಲ್ಲಿ ಚಂದ್ರ ಸ್ವಲ್ಪ ಮುಂದೆ ಹೋಗಿರ್ತಾನೆ. ನಕ್ಷತ್ರದ ನಡುವೆ ಹುಟ್ಟಿದೋರಿಗೆ ಏನೂ ಆಗಲ್ಲ. ಅಂಚಲ್ಲಿ ಹುಟ್ಟಿದೋರಿಗೆ ನಕ್ಷತ್ರವೇ ಬದಲಾಗ್ಬಿಡುತ್ತೆ. ಹರ್ಷಿತಾ ಅವ್ರದು ಎರಡು ಕಡೆನೂ ಪುಷ್ಯ, ಗಟ್ಟಿ. ಇವನದು ಲಂಡನ್ನಲ್ಲಿ ಕೃತ್ತಿಕೆ, ಯಲಹಂಕದಲ್ಲಿ ಭರಣಿ."

"ಆ, ಭರಣಿ!" ಮುನಿಕೆಂಪಮ್ಮ ಹಣೆ ಬಡಿದುಕೊಂಡಳು. "ಉಟ್ದಾಗ ಅಯ್ನೋರು ಭರಣಿ ಅಂತ್ಲೇ ಏಳಿದ್ರು."

"ಅಮ್ಮಾ! ಅದನ್ನ ಮೊದ್ಲೇ ಹೇಳೋಕೇನಾಗಿತ್ತು?"

"ಕಂಪ್ಯೂಟರ್ ಸುಳ್ಳು ಏಳಲ್ಲ ಅಂತ ನೀನೇ ಬೋರ್ಡು ಬರ್ಸಿದ್ಯಲ್ಲೋ! ನಾನ್ಯಾಕ್ ಬಾಯಾಕ್ಲಿ?"

ಮುನಿರಾಮಯ್ಯ ಗಂಟಲು ಸರಿಮಾಡಿಕೊಂಡ. "ಅಂಗಾರೆ ದಿಟ ಒಂಬತ್ತು. ಸಾಕ್ಷಿ ಮುಂದೆ ಮಾತು ಕೊಟ್ಟಿದೀಯ. ಬೇಜಾರ್ ಮಾಡ್ಕಬ್ಯಾಡ. ಲಂಡನ್ನಾಗೆ ಉಟ್ಟಿದ್ರೆ ನೀನೇ ಅಳಿಯ." ಚೀಲ ಎತ್ತಿಕೊಂಡವನು ಬಾಗಿಲಲ್ಲಿ ನಿಂತ. ಶಿವರಾಮನನ್ನು ಮೇಲಿನಿಂದ ಕೆಳಗೆ ನೋಡಿದ. "ಏನಪ್ಪಾ, ಚುರುಕಾಗಿದೀಯ. ಯಾವೂರು ನಿಂದು?"

"ಪುಟ್ಟೇನಹಳ್ಳಿ. ಕೆರೆ ಏರಿ ಕೆಳಗೆ ಮನೆ. ಮುನಿನಾರಾಯಣಪ್ಪ ಅಂತ, ಅವ್ರ ಮಗ."

"ಮುನಿನಾರಾಯಣಪ್ಪನ ಮಗನಾ! ಅಯ್ಯೋ, ನಮ್ಮೋರೇ ಕಣೋ! ಮದ್ವೆ ಆಗೈತಾ?"

"ಇಲ್ಲ," ಎಂದ ಶಿವರಾಮ್. ಹೇಳುವಾಗ ಬೆಂಚಿನ ಕಡೆ ನೋಡಿದ. ಹರ್ಷಿತಾಳ ನಗು ಪೂರ್ತಿಯಾಗಿತ್ತು. ಯೋಗಾನಂದ ಅದನ್ನು ಕಣ್ಣಾರೆ ಕಂಡ. ಅದು ಯಾರ ಕಡೆಗಿತ್ತೆಂದು ಯಾವ ಪ್ರೋಗ್ರಾಮೂ ಹೇಳಬೇಕಾಗಿರಲಿಲ್ಲ.

"ಯೋಗಾನಂದ," ಎಂದು ಮುನಿರಾಮಯ್ಯ ಮತ್ತೆ ಸ್ಟೂಲಿನ ಮೇಲೆ ಕೂತ. "ಇಂಗೇ ಇವರಿಬ್ರದೂ ಒಂದ್ಕಿತ ಆಕಿ ನೋಡು. ಬಂದಿದೀವಿ, ಬಸ್ ಚಾರ್ಜು ಸುಮ್ನೆ ಯಾಕೆ?"

ಯೋಗಾನಂದ ಮೌಸ್ ಹಿಡಿದ. ಅವನ ತಲೆಯಲ್ಲಿ ಅಂದು ಮೊದಲ ಬಾರಿಗೆ ಒಂದು ನಿಜವಾದ ಉಪಾಯ ಹೊಳೆಯಿತು. ಲಂಡನ್ನು ತನ್ನನ್ನು ಒಂಬತ್ತರಿಂದ ಇಪ್ಪತ್ತೇಳಕ್ಕೆ ಏರಿಸಿದ್ದರೆ, ಇನ್ನೊಬ್ಬನನ್ನು ಮೇಲಿನಿಂದ ಕೆಳಗೆ ಇಳಿಸಬಾರದೇಕೆ? ಎಲ್ಲರೂ ಶಿವರಾಮನ ಅಪ್ಪನ ಬಗ್ಗೆ ಮಾತಾಡುತ್ತಿದ್ದಾಗ, ಪಟ್ಟಿಯ ಕಡೆ ಹೋಗುವವನಂತೆ ಮೌಸಿನ ಬಾಣ ಸರಿಸಿ, ಪರದೆಯ ಮೇಲಿನ ಚಿತ್ರದ ಮೇಲೆ ಮೆಲ್ಲಗೆ ಎರಡು ಸಲ ಒತ್ತಿದ. ಶಿವರಾಮ್ ಹೇಳಿದ ದಿನ, ಗಂಟೆ ಹೊಡೆದ. ಕೊನೆಯ ಗುಂಡಿ ಒತ್ತಿದ.

ಮೂವತ್ತೊಂದು.

"ಮೂವತ್ತೊಂದು!" ವರಲಕ್ಷ್ಮಮ್ಮ ಬೀದಿಗೆ ಒದರಿದಳು.

"ಅದನ್ನ ಯಾಕೆ ಪರದೆ ಮೇಲಿಂದ ತೆಗೆದ್ರಿ?" ಎಂದಳು ಹರ್ಷಿತಾ.

ಎಲ್ಲರೂ ತಿರುಗಿ ನೋಡಿದರು. ಯೋಗಾನಂದನ ಕಿವಿ ಕೆಂಪಾಯಿತು. "ಅಭ್ಯಾಸ," ಎಂದ.

"ಓ, ಅದು ಲಂಡನ್ ಲೆಕ್ಕನಾ?" ಮುನಿರಾಮಯ್ಯನ ಮುಖ ಬಾಡಿತು. "ಅಂಗಾರೆ ನಮ್ಮ ಕಡೆಯಿಂದ ತೆಗಿ."

ಯೋಗಾನಂದನಿಗೆ ಮತ್ತೆ ಜೀವ ಬಂತು. ಬದಲಾಗುತ್ತದೆ, ಬದಲಾಗಲೇಬೇಕು. ಇನ್ನೊಂದು ಕಡೆಯಿಂದ ತೆಗೆದರೆ ತನ್ನ ಇಪ್ಪತ್ತೇಳು ಒಂಬತ್ತಾಗಲಿಲ್ಲವೇ? ಈ ಸಲ ಅವನು ಎಲ್ಲರಿಗೂ ಕಾಣುವಂತೆ, ಬೆರಳು ಎತ್ತಿ ತೋರಿಸಿ, ಸ್ಟಾರ್ಟ್ ಬಟನ್ ಒತ್ತಿದ. ಪಟ್ಟಿಯಿಂದ ಜಾತಕ ತೆಗೆದ. ದಿನ ಹೊಡೆದ, ಗಂಟೆ ಹೊಡೆದ, ಒತ್ತಿದ.

ಮೂವತ್ತೊಂದು.

ಶಿವರಾಮ್ ನಕ್ಷತ್ರದ ನಟ್ಟನಡುವೆ ಹುಟ್ಟಿದವನು. ಅವನನ್ನು ಲಂಡನ್ನೂ ಅಲ್ಲಾಡಿಸಲಾರದು.

"ಎರಡ್ ಕಡೆನೂ ಒಂದೇ!" ಮುನಿರಾಮಯ್ಯ ತೊಡೆ ತಟ್ಟಿ ಎದ್ದ. "ನೋಡಿದ್ಯಾ, ಇದು ಋಣಾನುಬಂಧ! ಯೋಗಾನಂದ, ನೀನೇ ನಿನ್ ಕೈಯ್ಯಾರ ಎರಡ್ ಕಿತ ತೆಗುದ್ಯಲ್ಲ, ಇನ್ ಯಾರೂ ಮಾತಾಡಂಗಿಲ್ಲ."

ಆಮೇಲೆ ಎಲ್ಲವೂ ಪಕ್ಕದಂಗಡಿಗೆ ಸರಿಯಿತು. ಮುನಿರಾಮಯ್ಯ ಪುಟ್ಟೇನಹಳ್ಳಿಗೆ ಫೋನ್ ಮಾಡಿ, ಮುನಿನಾರಾಯಣಪ್ಪನಿಗೆ ಫೋನಿಲ್ಲದೆಯೇ ಕೇಳಿಸುವಷ್ಟು ಗಟ್ಟಿಯಾಗಿ ಮಾತಾಡುತ್ತಿದ್ದ. ವರಲಕ್ಷ್ಮಮ್ಮ ಬುಟ್ಟಿಯನ್ನೇ ಅಲ್ಲಿಗೆ ಎತ್ತಿಕೊಂಡು ಹೋದಳು. ಮುನಿಕೆಂಪಮ್ಮ, "ಒಳ್ಳೇ ಉಡುಗಿ, ಪಕ್ಕದಲ್ಲೇ ಇರ್ತಾಳೆ ಬಿಡು," ಎಂದು ಸಮಾಧಾನ ಹೇಳುತ್ತಲೇ ಅತ್ತ ನಡೆದಳು. ಹರ್ಷಿತಾ ಶಿವರಾಮನಿಗೆ, ಆ ಊರಿನ ಫೈಲನ್ನು ಪರದೆಯ ಮೇಲೂ ಇಟ್ಟಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲವಲ್ಲ ಎಂದು ಕೇಳುತ್ತಿದ್ದಳು. ಹೌದು, ಅಷ್ಟೇ ಸಾಕಿತ್ತು ಎನ್ನುತ್ತಿದ್ದ ಶಿವರಾಮ್.

ಅಂಗಡಿಯಲ್ಲಿ ಯೋಗಾನಂದ ಒಬ್ಬನೇ ಉಳಿದ. ಇಳಿಹೊತ್ತಿನ ಬಿಸಿಲು ಬಾಗಿಲಿಂದ ನೇರವಾಗಿ ಒಳನುಗ್ಗಿ ಅವನ ಮುಖಕ್ಕೆ ಹೊಡೆಯುತ್ತಿತ್ತು. ಅವನು ಕಣ್ಣಿಗೆ ಕೈ ಅಡ್ಡ ಹಿಡಿದು, ಹೊರಗೆ ನಿಂತವರ ಬೆನ್ನುಗಳ ಕಡೆ ನೋಡಿ ಹೇಳಿದ:

"ಯಾರಾದ್ರೂ ಆ ಶಟರ್ ಸ್ವಲ್ಪ ಕೆಳಗೆ ಎಳೀರಿ."